ಎಲುಬು ನಮ್ದು

ಇವತ್ತು ಮೈದಾನದಲ್ಲಿ ಮಕ್ಕಳ ಮಲ್ಲಕಂಬಕ್ಕೆ ಔಡಲೆಣ್ಣೆ ಸವರುತ್ತಿದ್ದರು. ಆ ವಾಸನೆಗೆ ಅಪ್ಪನ ಮಾತು ನೆನಪಾಯಿತು. ಅಣ್ಣನನ್ನು ಡ್ರಿಲ್ ಮಾಸ್ತರರಿಗೆ ಒಪ್ಪಿಸುವಾಗ ಅಪ್ಪ, ಎಲ್ಲರಂತೆ, "ಚರ್ಮ ನಿಮ್ದು, ಎಲುಬು ನಮ್ದು" ಎಂದಿದ್ದ. ಬೇಕಾದರೆ ಹೊಡೆಯಿರಿ, ಮುರಿಯಬೇಡಿ ಎಂದು ಅರ್ಥ.

ಗಂಗಾವತಿಯ ಮಲ್ಲಕಂಬ ಸ್ಪರ್ಧೆಯಲ್ಲಿ ಅಣ್ಣ, "ಸರ್, ಮುಂಗೈ ಭಾಳ ನೋಯಾಕತ್ತೈತ್ರಿ" ಎಂದ.

"ಹೆಂಗಸು ಅದಿಯೇನಲೇ? ಹತ್ತು!" ಎಂದರು ಮಾಸ್ತರು.

ಅಣ್ಣ ಅಪ್ಪನ ಕಡೆ ನೋಡಿದ. ಅಪ್ಪ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಮುಖ ತಿರುಗಿಸಿದ.

ಅಣ್ಣ ಕಂಬದ ತುದಿಯಿಂದ ಬಿದ್ದು ಕೈ ಮುರಿದುಕೊಂಡ. ಅವನನ್ನು ಎತ್ತಿಕೊಂಡ ಅಪ್ಪ, "ಎಲುಬು ನಮ್ದು ಅಂದಿದ್ನಲ್ರಿ" ಎಂದಷ್ಟೇ ಹೇಳಿದ. ಆಗಲೂ ಆ 'ರಿ' ಬಿಡಲಿಲ್ಲ.

ಕೈ ಸೊಟ್ಟಗೇ ಕೂಡಿತು. ಮಾಸ್ತರರನ್ನು ಅಣ್ಣ ಎಂದೋ ಕ್ಷಮಿಸಿದ; ಅಪ್ಪನನ್ನು ಕೊನೆಯವರೆಗೂ ಕ್ಷಮಿಸಲಿಲ್ಲ.

ಇವತ್ತು ಇಲ್ಲಿ ಕೋಚ್ ಹುಡುಗನೊಬ್ಬನ ಮುಂದೆ ಕುಕ್ಕರಗಾಲಲ್ಲಿ ಕೂತು, "ಎಲ್ಲಿ ನೋಯತೈತಿ, ತೋರ್ಸಪಾ" ಎನ್ನುತ್ತಿದ್ದಾನೆ. ಹುಡುಗನಿಗೆ ತನ್ನ ಅಪ್ಪನ ಕಡೆ ನೋಡುವ ಪ್ರಮೇಯವೇ ಬರಲಿಲ್ಲ.