ಚಿಕ್ಕಮ್ಮ ಹಂಚಿದ ಮಾತ್ರೆ

ನನ್ನ ಚಿಕ್ಕಮ್ಮ ಜ್ವರದ ಮಾತ್ರೆಯನ್ನು ಊರಿಗೆಲ್ಲ ಹಂಚಿದ್ದಾರೆ. ಅದೂ ತಮಗೇ ಗಡಗಡ ನಡುಗುವ ಜ್ವರ ಇಟ್ಟುಕೊಂಡು!

ಮೊದಲಿಂದ ಹೇಳುತ್ತೇನೆ. ಮೊನ್ನೆ ಮೊನ್ನೆ ಕರೆಂಟು ಬಂದ, ಪಂಜ ಪೇಟೆಯ ಆಚೆಗಿನ ನಮ್ಮ ಹಳ್ಳಿಯಲ್ಲಿ ಈ ವರ್ಷ ಮಲೇರಿಯಾ ಜೋರು. ರಕ್ತ ಪರೀಕ್ಷೆಗೆ ಬನ್ನಿ ಎಂದು ಆರೋಗ್ಯ ಇಲಾಖೆ ಜೀಪಿಗೆ ಮೈಕು ಕಟ್ಟಿ ಕರೆದರೂ ಒಂದು ನರಪಿಳ್ಳೆಯೂ ಹೋಗಲಿಲ್ಲ. ಆದರೆ ಶನಿವಾರದ ಭಜನೆಗೆ? ಮಂದಿರದಲ್ಲಿ ಕಾಲಿಡಲು ಜಾಗವಿಲ್ಲ.

ಇಲಾಖೆಗೆ ಜ್ಞಾನೋದಯವಾಯಿತು. ಭಜನಾ ಮಂಡಳಿಯ ಜೊತೆ ಸೇರಿ ಕೆಲಸ ಮಾಡುವ ಪ್ಲಾನ್ ಹಾಕಿದರು. (ಸರಕಾರಿ ಭಾಷೆಯಲ್ಲಿ ಇದಕ್ಕೆ 'ಜನರ ಸಹಭಾಗಿತ್ವ' ಎನ್ನುತ್ತಾರಂತೆ. ನಾವು ಪ್ರಸಾದದ ಅವಲಕ್ಕಿ ಪಂಚಕಜ್ಜಾಯ ಎನ್ನುತ್ತೇವೆ.)

ಮಂಡಳಿಯ ಅಧ್ಯಕ್ಷರಾದ ರೈಗಳದ್ದು ಒಂದೇ ಷರತ್ತು. "ಮಂದಿರದ ಒಳಗೆ ಬಂದದ್ದನ್ನು ಮೊದಲು ದೇವರೆದುರು ಇಡ್ಬೇಕು. ಮತ್ತೆ ಹಂಚುದು."

ಹಾಸನ ಕಡೆಯ ಹೆಲ್ತ್ ಇನ್‌ಸ್ಪೆಕ್ಟರಿಗೆ ಖುಷಿಯೋ ಖುಷಿ. "ಎಲ್ಲಾದ್ರೂ ಇಡಿ ಸ್ವಾಮಿ, ಜನ ನುಂಗಿದ್ರೆ ಸಾಕು."

ಹಾಗೆ ಭಜನೆಗೆ ಬಂದವರ ರಕ್ತ ಪರೀಕ್ಷೆ ನಡೆದು, ಮಲೇರಿಯಾ ಕಂಡವರಿಗೆಲ್ಲ ಮಂಗಳಾರತಿಯ ನಂತರ ಮಾತ್ರೆ ಸಿಕ್ಕಿತು. ಚಿಕ್ಕಮ್ಮ ಕೈಯೊಡ್ಡಿ ಪಡೆದು, ಕಣ್ಣಿಗೊತ್ತಿ, ಸೆರಗಿನ ತುದಿಗೆ ಕಟ್ಟಿಕೊಂಡು ಬಂದರು. ನನಗೂ ನೆಮ್ಮದಿ. ಅಮ್ಮ ತೀರಿಹೋದ ಮೇಲೆ ನನ್ನನ್ನು ಸಾಕಿದವರು ಅವರು. ಕಂಬಳಿಯೊಳಗೆ ಅವರು ನಡುಗುವುದನ್ನು ಕಂಡು ನಿಜಕ್ಕೂ ಹೆದರಿದ್ದೆ.

ಜ್ವರ ಬಿಡಲಿಲ್ಲ. ಇನ್‌ಸ್ಪೆಕ್ಟರನ್ನು ಮನೆಗೇ ಕರೆತಂದೆ.

"ಮಾತ್ರೆ ಪೂರ್ತಿ ತಗೊಂಡ್ರೇನಮ್ಮಾ?"

"ಪೂರ್ತಿ ಒಬ್ಬಳೇ ತಿನ್ನುದಾ?" ಚಿಕ್ಕಮ್ಮನಿಗೆ ಆಶ್ಚರ್ಯ. "ಪ್ರಸಾದ ಅಲ್ವಾ ಮಾರಾಯ್ರೆ! ಸೊಸೆಗೆ ಚೂರು, ಆಚೆಮನೆ ಲಿಂಗಪ್ಪಣ್ಣನಿಗೆ ಚೂರು, ಕೆಲಸದವರಿಗೆ ಚೂರು. ಕಹಿ ಉಂಟು, ಆದ್ರೂ ಯಾರೂ ಬೇಡ ಹೇಳ್ಲಿಲ್ಲ." (ಸೊಸೆ, ಅಂದರೆ ನನ್ನ ಹೆಂಡತಿ, ಮೆಲ್ಲಗೆ ಬಾಗಿಲ ಹಿಂದೆ ಸರಿದಳು.)

ಇನ್‌ಸ್ಪೆಕ್ಟರು ತಲೆಯ ಮೇಲೆ ಕೈಹೊತ್ತು ಕುಳಿತರು. ನೀವೇ ಹೇಳಿ, ತಪ್ಪು ಯಾರದು? ಪ್ರಸಾದವನ್ನು ಒಬ್ಬರೇ ತಿಂದು ಮುಗಿಸುವ ಮನೆ ನಮ್ಮ ಕಡೆ ಎಲ್ಲಿದೆ?

"ಇದು ಪ್ರಸಾದ ಅಲ್ಲಮ್ಮಾ, ಬರೀ ಮಾತ್ರೆ" ಎಂದು ಹೊಸ ಪೊಟ್ಟಣ ಕೊಟ್ಟು ಅವರು ತಿಳಿಹೇಳಿದ್ದೇ ತಡ, ಚಿಕ್ಕಮ್ಮ ಅದನ್ನು ಪಕ್ಕಕ್ಕೆ ಸರಿಸಿದರು. ಬರೀ ಮಾತ್ರೆಯಾದರೆ ಯಾರಿಗೆ ಬೇಕು? ಅವರಿಗೆ ಕಷಾಯ ಸಾಕಂತೆ.

ಕೊನೆಗೆ ರೈಗಳೇ ಬರಬೇಕಾಯಿತು. ಎಷ್ಟಾದರೂ ಅಧ್ಯಕ್ಷರು! "ಅಕ್ಕ, ಇದು ಪ್ರಸಾದ ಅಲ್ಲ, ಹರಕೆ. ಯಾರ ಹೆಸರಲ್ಲಿ ಉಂಟೋ ಅವರೇ ತೀರಿಸ್ಬೇಕು. ಅರ್ಧಕ್ಕೆ ಬಿಟ್ರೆ ದೋಷ."

"ನಾನು ಯಾವಾಗ ಹರಕೆ ಹೇಳಿದ್ದು?"

"ನಿಮ್ಮ ಹೆಸರಲ್ಲಿ ನಾನು ಹೇಳಿ ಆಗಿದೆ!"

ಇನ್ನು ತಪ್ಪಿಸಿಕೊಳ್ಳುವುದುಂಟೇ? ಮೂರು ದಿನದ ಮಾತ್ರೆಯನ್ನು ಚಿಕ್ಕಮ್ಮ ಚೂರೂ ಬಿಡದೆ ನುಂಗಿದರು. ಜ್ವರ ಇಳಿಯಿತು. ಗಂಜಿಗೆ ಉಪ್ಪಿನಕಾಯಿ ಬೇಕೆಂದು ಅವರು ಕೇಳಿದಾಗ ನನಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಲಿಂಗಪ್ಪಣ್ಣನಿಗೆ ನಡುಕ ಶುರು. ಕಳೆದ ಶನಿವಾರ ಅವರನ್ನು ಕೈಹಿಡಿದು ಭಜನೆಗೆ ಕರೆದೊಯ್ದೆವು. ಮಂದಿರದಲ್ಲಿ ಅವಲಕ್ಕಿ ಇತ್ತು, ಇಲಾಖೆಯ ಜೀಪು ಇರಲಿಲ್ಲ. ವಿಚಾರಿಸಿದರೆ, ಯೋಜನೆಯ ಅವಧಿ ಮುಗಿಯಿತಂತೆ. ಇನ್‌ಸ್ಪೆಕ್ಟರಿಗೆ ಬೇರೆ ಕಡೆ ಡ್ಯೂಟಿಯಂತೆ.

ಚಿಕ್ಕಮ್ಮ ರೈಗಳನ್ನು ಅಲ್ಲೇ ತಡೆದು ನಿಲ್ಲಿಸಿದರು. "ಅಲ್ಲ ಮಾರಾಯ್ರೆ, ಅರ್ಧಕ್ಕೆ ಬಿಟ್ರೆ ದೋಷ ನಮಗೆ ಮಾತ್ರವಾ? ಸರಕಾರಕ್ಕೆ ಇಲ್ವಾ?"