ಹನ್ನೊಂದು ದೇಶ ತಿರುಗಿದ ಮಂಡಿ

ಪಕ್ಕದ ಮನೆಯ ಡ್ಯಾರೆಲ್‌ಗೆ ಅವತ್ತು ವೇದಿಕೆಯ ಮೇಲೆ ಅವಮಾನವಾಯಿತು ಎಂದು ಅಮೆರಿಕದ ಮಿಲ್ಪಿಟಾಸ್‌ನ ಕನ್ನಡದವರು ಈಗಲೂ ಹೇಳುತ್ತಾರೆ. ಸುಳ್ಳು. ಮಾನ ಹೋಗಿದ್ದು ನಮ್ಮದು. ಕಳೆದವಳು ನಾನು.

ಈ ವಾರ ಅಳಿಯ ಮಂಜುನಾಥ ಗ್ಯಾರೇಜಿನಿಂದ ಶಾಲುಗಳ ಪೆಟ್ಟಿಗೆ ತಂದು ಹಾಲ್‌ನಲ್ಲಿ ಬಿಚ್ಚಿದರು. ನುಸಿಗುಳಿಗೆಯ ವಾಸನೆ ಅಡುಗೆಮನೆಗೆ ನುಗ್ಗಿ ನನ್ನ ಒಗ್ಗರಣೆಯನ್ನೂ ಸೋಲಿಸಿತು. ಅದರ ಹಿಂದೆಯೇ ಇದೆಲ್ಲ ನೆನಪಾಯಿತು. ಅಳಿಯ ಇಲ್ಲಿನ ಕನ್ನಡ ಕೂಟದ ಕಾರ್ಯದರ್ಶಿ. ಐದು ದಿನ ಕಂಪನಿಯ ಕೆಲಸ, ಎರಡು ದಿನ ಸನ್ಮಾನದ ಕೆಲಸ. ನೀವೂ ನೋಡಿರುತ್ತೀರಿ, ನಮ್ಮವರು ಯಾವ ಊರಿಗೆ ಹೋದರೂ ಮೊದಲು ಒಂದು ಕೂಟ ಕಟ್ಟುತ್ತಾರೆ, ಆಮೇಲೆ ಶಾಲು ಹೊದಿಸಲು ಹೆಗಲು ಹುಡುಕುತ್ತಾರೆ. ಶಾಲಿನಲ್ಲೂ ಮೂರು ಜಾತಿ. ಮುಖ್ಯ ಅತಿಥಿಗೆ ಅಗಲ ಜರಿಯದು, ಪ್ರಾಯೋಜಕರಿಗೆ ಸಣ್ಣ ಅಂಚಿನದು, ಮಿಕ್ಕವರಿಗೆ ಹಿಂದೆ ಕೈ ಹಿಡಿದರೆ ಬೆರಳು ಕಾಣುವಂಥದ್ದು.

ಡ್ಯಾರೆಲ್ ಆರಡಿ ಒಂಬತ್ತು ಇಂಚಿನ ಆಳು. ಈ ಟೌನ್‌ಹೌಸುಗಳ ಬಾಗಿಲಲ್ಲಿ ಬಗ್ಗಿ ಬಗ್ಗಿ, ಎದುರಿಗೆ ಸಿಕ್ಕವರಿಗೆಲ್ಲ ಮೊದಲೇ ನಮಸ್ಕಾರ ಹೇಳುವ ಹಾಗೆ ಕತ್ತು ಇಟ್ಟುಕೊಂಡಿದ್ದ. ಬ್ಯಾಸ್ಕೆಟ್‌ಬಾಲ್ ಆಡುವುದೇ ಅವನ ಜೀವನ. ಅದೂ ಇಲ್ಲಲ್ಲ, ಹೊರದೇಶಗಳಲ್ಲಿ. ವರ್ಷದಲ್ಲಿ ಎಂಟು ತಿಂಗಳು ಟರ್ಕಿ, ಪೋಲೆಂಡು, ಫಿಲಿಪ್ಪೀನ್ಸು ಎಂದು ತಿರುಗುತ್ತಿದ್ದ. ಮಿಕ್ಕ ನಾಲ್ಕು ತಿಂಗಳು ಬಲಮಂಡಿಗೆ ಐಸಿನ ಚೀಲ ಕಟ್ಟಿಕೊಂಡು ಮನೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ನಾನು ಹರಳೆಣ್ಣೆ ಬಿಸಿ ಮಾಡಿಕೊಂಡು ಹೋಗುತ್ತಿದ್ದೆ. ಆಗ ಏಳನೇ ಕ್ಲಾಸಿನಲ್ಲಿದ್ದ ಮೊಮ್ಮಗಳು ಅನು ನಮ್ಮಿಬ್ಬರ ನಡುವೆ ಮಾತು ಸಾಗಿಸುತ್ತಿದ್ದಳು. ಯಾವ ದೇಶಕ್ಕೆ ಹೋದರೂ ಅವನು ಮೊದಲ ದಿನವೇ ನಾಲ್ಕು ಮಾತು ಕಲಿಯುತ್ತಿದ್ದನಂತೆ: ನೀರು, ಐಸು, ನೋವು, ಬಸ್ಸು ಎಷ್ಟು ಹೊತ್ತಿಗೆ. ಕನ್ನಡದಲ್ಲೂ ಅಷ್ಟನ್ನೇ ಕೇಳಿ ಕಲಿತ. ಐದನೆಯದಾಗಿ ನಾನು ‘ಸಾಕು’ ಎಂಬುದನ್ನು ಕಲಿಸಲು ನೋಡಿದೆ. ಅದು ಅವನ ಬಾಯಿಗೆ ಹತ್ತಲಿಲ್ಲ.

ಆ ವರ್ಷ ಅವನಿಗೆ ಮೂವತ್ತೇಳು ತುಂಬಿತ್ತು. ಹನ್ನೆರಡನೆಯ ದೇಶ ಫಿನ್ಲೆಂಡಿನಿಂದ ಒಂದು ಕ್ಲಬ್ಬು ಕರೆದಿತ್ತು. ಎರಡು ಬೀದಿ ಆಚೆಯ ಸ್ಕೂಲಿನವರು ಹೆಣ್ಣುಮಕ್ಕಳಿಗೆ ಆಟ ಕಲಿಸಲು ಬಾ ಎಂದಿದ್ದರು. ಇಬ್ಬರಿಗೂ ಸೋಮವಾರದೊಳಗೆ ಉತ್ತರ ಬೇಕಿತ್ತು. ಇನ್ನೊಂದು ಸಲ ಬಿದ್ದರೆ ಮುಂದೆ ಕೋಲೇ ಗತಿ ಎಂದು ಡಾಕ್ಟರು ಹೇಳಿಯಾಗಿತ್ತು. ಸ್ಕೂಲಿಗೇ ಹೋಗುತ್ತೇನೆ ಅನ್ನಿಸುತ್ತಿದೆ ಎಂದು ಅವನೂ ಒಂದು ಸಂಜೆ ಮೆಟ್ಟಿಲ ಮೇಲೆ ಹೇಳಿದ್ದ. ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಆಗಿತ್ತು.

ಸಾಂಟಾ ಕ್ಲಾರಾದ ಇಂಡಿಯನ್ ಗ್ರೋಸರಿಯಲ್ಲಿ ಕೂಟದ ಅಧ್ಯಕ್ಷರು ಬೆಂಡೆಕಾಯಿಯ ತುದಿ ಮುರಿದು ನೋಡುತ್ತಾ ನಿಂತಿದ್ದರು. ಭಾನುವಾರದ ಕ್ರೀಡಾದಿನಕ್ಕೆ ಮುಖ್ಯ ಅತಿಥಿಯೇ ಸಿಕ್ಕಿಲ್ಲ ಎಂದು ಮುಖ ಜೋತುಬಿದ್ದಿತ್ತು.

“ನಮ್ ಪಕ್ಕದ್ಮನೇಲೇ ಒಬ್ಬ ಅವ್ನೆ ಕಣಪ್ಪ. ಹನ್ನೊಂದು ಫಾರಿನ್ನಲ್ಲಿ ಆಡವ್ನೆ,” ಅಂದೆ.

“ಹನ್ನೊಂದಾ!” ಬೆಂಡೆಕಾಯಿ ಅಲ್ಲೇ ಬಿತ್ತು. “ಏನಮ್ಮಾ ನೀವು, ಇಷ್ಟು ದಿನ ಹೇಳ್ಬಾರ್ದಾ?”

ನಮ್ಮ ಬುದ್ಧಿ ನೋಡಿ. ಒಂದು ಫಾರಿನ್ ಕಂಡವನಿಗೆ ಊರಲ್ಲಿ ಕುರ್ಚಿ ಹಾಕುತ್ತೇವೆ. ಹನ್ನೊಂದು ಕಂಡವನಿಗೆ ಏನು ಹಾಕಬೇಕು? ಅಮೆರಿಕದವನು ಅಮೆರಿಕ ಬಿಟ್ಟು ಯಾಕೆ ಹೋದ ಎಂದು ಕೇಳಬೇಕೆನ್ನುವುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಭಾನುವಾರ ಅಧ್ಯಕ್ಷರು ಕುರ್ಚಿ ಹತ್ತಿ ಅವನಿಗೆ ಮೈಸೂರು ಪೇಟ ತೊಡಿಸಿದರು. ಹರವಿಯ ಮೇಲೆ ಬಟ್ಟಲು ಕವುಚಿದ ಹಾಗೆ ಕಾಣುತ್ತಿತ್ತು. ಹನ್ನೊಂದು ರಾಷ್ಟ್ರಗಳಲ್ಲಿ ವಿಜಯಪತಾಕೆ ಹಾರಿಸಿದ ವೀರ ಎಂದು ಹೊಗಳಿ, ಶಾಲಿಗೆ ಮೊದಲು ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಅನು ಪಕ್ಕದಲ್ಲಿ ನಿಂತು ಕನ್ನಡ ಮಾಡಿದಳು.

“ಇಲ್ಲಿ ಬಿಗ್ ಲೀಗು ಇದ್ಯಲ್ಲ, ಅವ್ರು ನನ್ನ ತಗೊಳ್ಳೇ ಇಲ್ಲ ಅಂತಿದಾರೆ. ಒಂದು ದಿನಾನೂ. ಅದಕ್ಕೇ ಹೊರಗೆ ಹೋದ್ರಂತೆ. ಎವ್ರಿ ಇಯರ್ ಇದೇ ಲಾಸ್ಟು ಅಂತ ಹೋಗೋದಂತೆ. ಅಲ್ಲೆಲ್ಲ ಅಮೆರಿಕನ್ ಸ್ಟಾರ್ ಅಂತ ಪೋಸ್ಟರ್ ಹಾಕ್ತಾರಂತೆ. ಮೂರು ಮ್ಯಾಚ್ ಸೋತ್ರೆ ಪೋಸ್ಟರ್‌ಗಿಂತ ಮುಂಚೆ ಇವ್ರನ್ನ ಕಿತ್ತಾಕ್ತಾರಂತೆ.”

ಡ್ಯಾರೆಲ್ ನಕ್ಕ. ಬೇರೆ ಯಾರೂ ನಗಲಿಲ್ಲ. ನಾನು ಮುಂದಿನ ಸಾಲಿನಲ್ಲೇ ಇದ್ದೆನಲ್ಲ, ಅಧ್ಯಕ್ಷರ ಪಿಸುಮಾತು ಕಿವಿಗೆ ಬಿತ್ತು. “ರೀ ಮಂಜುನಾಥ್, ಇವ್ರು ಲೋಕಲ್ಲೇ ಸೆಲೆಕ್ಟ್ ಆಗಿಲ್ವಂತಲ್ರೀ!” ಅಳಿಯ ತಟ್ಟೆಯಲ್ಲಿದ್ದ ಅಗಲ ಜರಿಯ ಶಾಲನ್ನು ಮೇಜಿನ ಕೆಳಗೆ ಇಳಿಸಿ, ಸಣ್ಣ ಅಂಚಿನದನ್ನು ಮಡಿಸಿ ಇಟ್ಟರು.

ನಾನು ಎದ್ದೆ.

“ಆ ಶಾಲ್ನ ಯಾಕ್ ಬದಲಾಯ್ಸಿದ್ರಿ ಮಂಜುನಾಥಪ್ಪ?”

“ಅತ್ತೆ, ಪ್ಲೀಸ್, ಮನೇಲಿ ಮಾತಾಡೋಣ.”

“ಇಲ್ಲೇ ಆಡವ. ಊರಲ್ಲೇ ನೆಟ್ಟಗಿರೋ ಕೆಲ್ಸ ಸಿಕ್ಕಿದ್ರೆ ಇಲ್ಲಿ ಕೂತಿರೋರಲ್ಲಿ ಎಷ್ಟು ಜನ ವಿಮಾನ ಹತ್ತುತಿರ್ಲಿಲ್ಲ? ಕೈ ಎತ್ರಪ್ಪ, ನೋಡವ.”

ಒಬ್ಬರೇ ಒಬ್ಬರು ಎತ್ತಿದರು. ಅವರ ಹೆಂಡತಿ ಆ ಕೈಯನ್ನು ಎಳೆದು ಇಳಿಸಿದರು.

ಅಗಲ ಜರಿಯ ಶಾಲು ಮೇಜಿನ ಕೆಳಗಿಂದ ಮೇಲೆ ಬಂತು. ನಾಚಿಕೆಯಾದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಟ್ಟಿದರು ಎಂದರೆ, ನಾಚಿಕೆ ಹೋಗುವವರೆಗೂ ತಟ್ಟಿದರು. ಆಮೇಲೆ ಫೋಟೋಗೆ ಸಾಲು. ಬಿಸಿಬೇಳೆಬಾತು ಆರಿ ಕಲ್ಲಾಯಿತು. ನಾನೋ, ರಾಜ್ಯ ಗೆದ್ದವಳ ಹಾಗೆ ಸೆರಗು ಸರಿಮಾಡಿಕೊಂಡು ಕೂತಿದ್ದೆ.

ಕಾರಿನಲ್ಲಿ ಡ್ಯಾರೆಲ್ ಏನೋ ಹೇಳಿದ. ಅನು ನನ್ನ ಕಡೆ ತಿರುಗಿದಳು. “ಅಜ್ಜಿ, ಫಿನ್ಲೆಂಡ್‌ಗೇ ಹೋಗ್ತಾರಂತೆ. ಒನ್ ಮೋರ್ ಇಯರ್. ಆ ಕ್ಲ್ಯಾಪಿಂಗ್ ಕೇಳಿ ಮಂಡಿ ನೋವೇ ಹೋಯ್ತಂತೆ.”

ನನ್ನ ರಾಜ್ಯ ಅಲ್ಲಿಗೇ ಮುಳುಗಿತು.

ನಮ್ಮ ಭಾವನವರೊಬ್ಬರು ಪೈಲ್ವಾನರು. ಮಂಡ್ಯದ ಗರಡಿಯಲ್ಲಿ ಅವರು ತೊಡೆ ತಟ್ಟಿದರೆ ಹೊರಗೆ ಕಟ್ಟಿದ ಎಮ್ಮೆ ಬೆದರುತ್ತಿತ್ತು. ನಲವತ್ತೆರಡಕ್ಕೆ ಕುಸ್ತಿ ಬಿಟ್ಟಿದ್ದರು. ಯಾರೋ ಕರೆದು ಹಾರ ಹಾಕಿದರು. ಆ ಹಾರ ಬಾಡುವ ಮೊದಲೇ ಇಪ್ಪತ್ತೈದರ ಹುಡುಗನ ಮೇಲೆ ಅಖಾಡಕ್ಕೆ ಇಳಿದರು. ಸೊಂಟ ಮುರಿಯಿತು. ಆರು ವರ್ಷ ಮಲಗಿದ್ದರು. ಹಾರ ಹಾಕಿದವರಲ್ಲಿ ಒಬ್ಬರೂ ಅವರ ಮಲದ ತಟ್ಟೆ ಎತ್ತಲು ಬರಲಿಲ್ಲ. ಎತ್ತಿದವಳು ನಾನು. ಚಪ್ಪಾಳೆ ತಟ್ಟುವವರಿಗೆ ಏನು, ಕೈ ಕೊಡವಿಕೊಂಡು ಮನೆಗೆ ಹೋಗುತ್ತಾರೆ. ಆ ಭಾನುವಾರ ನಾನೂ ತಟ್ಟಿದ್ದೆ.

ಮಾರನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಅವನ ಬಾಗಿಲು ಬಡಿದೆ. ಅನು ಇನ್ನೂ ಎದ್ದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಾಲ್‌ನ ಅರ್ಧಕ್ಕೆ ಅವನ ಪ್ರಯಾಣದ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು, ಎಲ್ಲೂ ಊರದೆ ಎದ್ದು ನಿಂತೆ. ಎಪ್ಪತ್ತೆರಡು ವರ್ಷದ ನನ್ನ ಮಂಡಿ ಲಟಕ್ ಅಂತು. ಕೆಮ್ಮಿ ಮುಚ್ಚಿಕೊಂಡೆ.

“ಕೂತ್ಕೋ,” ಎಂದು ನೆಲ ತೋರಿಸಿದೆ.

ತಮಾಷೆಯೆಂದುಕೊಂಡು ನಗುತ್ತಾ ಕೂತ, ಒಂದು ಕಾಲು ಮಡಿಸಿ, ಒಂದು ಚಾಚಿ.

“ಏಳು.”

ಮೊದಲ ಸಲ ಅರ್ಧಕ್ಕೆ ಎದ್ದು ಕುಸಿದ. ಎರಡನೆಯ ಸಲ ಸೋಫಾ ಹಿಡಿಯಲು ಹೋದ. ಬೇಡ ಎಂದು ತಲೆಯಾಡಿಸಿದೆ. ಮೂರನೆಯ ಸಲ ಹಲ್ಲು ಕಚ್ಚಿದ, ಹಣೆಯಲ್ಲಿ ಬೆವರು ಒಡೆಯಿತು, ಮಂಡಿ ಗಡಗಡ ನಡುಗಿ ಮತ್ತೆ ಕೂರಿಸಿಬಿಟ್ಟಿತು. ಅವನ ನಗು ನಿಂತಿತ್ತು. ಕೊನೆಗೆ ಎಬ್ಬಿಸು ಎನ್ನುವ ಹಾಗೆ ಮೊರದಗಲದ ಕೈಯನ್ನು ನನ್ನ ಕಡೆ ಚಾಚಿದ.

ನಾನು ಕೈ ಕೊಡಲಿಲ್ಲ. ಮೇಜಿನ ಮೇಲಿದ್ದ ಅವನ ಫೋನು ಎತ್ತಿ ಆ ಅಂಗೈಯಲ್ಲಿಟ್ಟು “ಸ್ಕೂಲು” ಅಂದೆ. ಅವನು ನಂಬರು ಒತ್ತುವವರೆಗೂ ಅಲ್ಲೇ ನಿಂತಿದ್ದೆ.