‘ಏನೂ ಆಗದ’ ಸಿನಿಮಾದ ಬಾಗಿಲು ಕಾಯುವ ಆಂಜನಮ್ಮ

ಭಾನುವಾರ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಲಸೂರು ಪೇಟೆ ಬೀದಿಯಲ್ಲಿ ಹೂವಿನ ಮೂಟೆಗಳು ಇಳಿಯುತ್ತಿವೆ. ಸರ್ವೋದಯ ಟಾಕೀಸಿನ ಅರ್ಧ ಎತ್ತಿದ ಷಟರಿನ ಕೆಳಗೆ ಬಗ್ಗಿ ಒಳಗೆ ಹೋಗುವ ಆಂಜನಮ್ಮ ಮೊದಲು ಕೈಗೆತ್ತಿಕೊಳ್ಳುವುದು ಪೊರಕೆಯನ್ನಲ್ಲ, ಹರಳೆಣ್ಣೆಯ ಬಟ್ಟಲನ್ನು. ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೋಳಿಪುಕ್ಕ ಅದ್ದಿ ಅದ್ದಿ ಒಂದೊಂದು ಕೀಲಿಗೂ ಎಣ್ಣೆ ಬಿಡುತ್ತಾರೆ. ಆಮೇಲೆ ಬಾಗಿಲನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ, ಕಿವಿಗೊಟ್ಟು ಕೇಳುತ್ತಾರೆ. ಸದ್ದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಸ ಗುಡಿಸಲು ಏಳುವುದು.

“ಬೇರೆ ದಿನ ಬಾಗ್ಲು ಕಿರ್ ಅಂದ್ರೂ ನಡಿಯುತ್ತೆ. ಫೈಟಿಂಗ್ ಸೌಂಡಲ್ಲಿ ಯಾರಿಗ್ ಕೇಳ್ಸುತ್ತೆ? ಭಾನ್ವಾರದ ಪಿಕ್ಚರಲ್ಲಿ ಇರುವೆ ಹೋದ್ರೂ ಕೇಳ್ಸುತ್ತೆ ನೋಡಿ,” ಎಂದು ನಗುತ್ತಾರೆ. ಆಟ ಶುರುವಾದ ಮೇಲೆ ಅವರು ಚಪ್ಪಲಿಯನ್ನೂ ಹೊರಗೇ ಬಿಡುತ್ತಾರೆ.

ವಾರದ ಆರು ದಿನ ಸರ್ವೋದಯದಲ್ಲಿ ಕನ್ನಡ, ತಮಿಳು ಸಿನಿಮಾಗಳ ಅಬ್ಬರ. ಸೀಟಿ, ಹೂವು, ಕಾಗದದ ಚೂರು ಎಲ್ಲ ಉಂಟು. ಭಾನುವಾರದ ಬೆಳಗಿನ ಆಟ ಮಾತ್ರ ಬೇರೆಯದೇ ಲೋಕ. ವಿಮಾ ಕಂಪನಿಯಿಂದ ನಿವೃತ್ತರಾದ ಶ್ರೀಕಂಠಯ್ಯ ಕಟ್ಟಿರುವ ಚಿತ್ರ ಸಮಾಜ ಆ ಹೊತ್ತಿಗೆ ಹಾಲನ್ನು ಬಾಡಿಗೆಗೆ ಹಿಡಿದು ನಿಧಾನದ ಸಿನಿಮಾಗಳನ್ನು ತೋರಿಸುತ್ತದೆ. ಹಾಡಿಲ್ಲ, ಹೊಡೆದಾಟವಿಲ್ಲ, ಮಾತೂ ಅಪರೂಪ. ಕ್ಯಾಮೆರಾ ಒಂದು ಕಡೆ ಕೂತರೆ ಮಧ್ಯಾಹ್ನ ಉಂಡು ಮಲಗಿದ ನೆಂಟನ ಹಾಗೆ, ಏಳುವ ಮಾತೇ ಇಲ್ಲ.

ಇಂಥ ಸಿನಿಮಾಕ್ಕೆ ಬರುವವರಲ್ಲಿ ಎರಡು ಪಂಗಡ. ಒಂದು ಪಂಗಡ ಮುಗಿದು ದೀಪ ಹತ್ತಿದ ಮೇಲೂ ಕುರ್ಚಿ ಬಿಟ್ಟು ಏಳುವುದಿಲ್ಲ, ಕಣ್ಣೊರೆಸಿಕೊಳ್ಳುತ್ತ ಕೂತಿರುತ್ತದೆ. ಇನ್ನೊಂದು ಪಂಗಡ ಅರ್ಧ ಗಂಟೆಯೊಳಗೆ ಬಾಗಿಲಿಗೆ ಬಂದು “ಟೈಮ್ ವೇಸ್ಟ್ ಗುರು” ಎನ್ನುತ್ತದೆ. ಅಳುವವರ ಕಣ್ಣಿಗೆ ಎದ್ದು ಹೋಗುವವರು ಅರಸಿಕರು, ಎದ್ದು ಹೋಗುವವರ ಕಣ್ಣಿಗೆ ಕೂತವರು ಢೋಂಗಿಗಳು. ಈ ಎರಡರ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಹಾಗೆ, ಟಾರ್ಚು ಹಿಡಿದು ನಿಂತಿರುವವರು ಆಂಜನಮ್ಮ. ಸಿನಿಮಾ ಮಾಡಿದವರ ಹೆಸರು ತೆರೆಯ ಮೇಲೆ ಬರುತ್ತದೆ, ತೋರಿಸಿದವರ ಹೆಸರು ಕರಪತ್ರದಲ್ಲಿರುತ್ತದೆ. ಬಾಗಿಲು ಕಾದವರ ಹೆಸರು ಎಲ್ಲಿಯೂ ಇರುವುದಿಲ್ಲ.

ಆಂಜನಮ್ಮನ ಗಂಡನ ಮನೆ ದೊಡ್ಡನೆಕ್ಕುಂದಿ. ಅವರು ಮದುವೆಯಾಗಿ ಬಂದಾಗ ಮನೆಯ ಹಿಂದೆಯೇ ರಾಗಿ ಹೊಲವಿತ್ತಂತೆ. ಈಗ ಅಲ್ಲಿ ಕಾರ್ಖಾನೆಯ ಗೋಡೆ. ಹೊಲ ಹೋದಾಗ ಬಂದದ್ದು ಅಣ್ಣತಮ್ಮಂದಿರ ನಡುವೆ ಹಂಚಿಹೋಗಿ, ಇವರ ಪಾಲಿಗೆ ಉಳಿದದ್ದು ಎರಡು ಕೋಣೆಯ ಮನೆ. ಗಂಡ ವೆಂಕಟಸ್ವಾಮಿ ಟೆಂಪೊ ಓಡಿಸುತ್ತಿದ್ದರು. ಸರ್ವೋದಯದಲ್ಲಿ ಹೆಂಗಸರ ಕ್ಯೂ ನೋಡಿಕೊಳ್ಳಲು ಒಬ್ಬ ಹೆಂಗಸು ಬೇಕು ಎಂದಾಗ ಆಂಜನಮ್ಮ ಬಂದು ಸೇರಿಕೊಂಡರು. ಈಗ ಹೆಂಗಸರಿಗೆ ಬೇರೆ ಕ್ಯೂ ಇಲ್ಲ. ಆದರೆ ಆಂಜನಮ್ಮ ಇದ್ದಾರೆ.

ಇಷ್ಟು ವರ್ಷ ಟಾಕೀಸಿನಲ್ಲಿದ್ದರೂ ಅವರು ಕೂತು ಸಿನಿಮಾ ನೋಡಿದವರಲ್ಲ. ತಡವಾಗಿ ಬಂದವರಿಗೆ ಸೀಟು ತೋರಿಸು, ಬೀಡಿ ಹಚ್ಚಿದವನನ್ನು ಎಬ್ಬಿಸು, ಎಂದು ಕಾಲ ಕಳೆದಿದೆ. ಭಾನುವಾರದ ಆಟಕ್ಕೆ ತಡವಾಗಿ ಬರುವವರೂ ಕಮ್ಮಿ, ಬೀಡಿ ಹಚ್ಚುವವರಂತೂ ಇಲ್ಲವೇ ಇಲ್ಲ. ಹಾಗಾಗಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರತೊಡಗಿದರು. ಮೊದಮೊದಲು ಅವರಿಗೂ ಆಕಳಿಕೆಯೇ.

“ಸುಳ್ ಯಾಕ್ ಹೇಳ್ಲಿ? ಮೊದಲನೇ ದಿನ ಪಿಕ್ಚರ್ ಸ್ಟ್ರಕ್ ಆಗಿದೆ ಅಂತ ಕ್ಯಾಬಿನ್‌ಗೆ ಓಡೋದೆ,” ಎನ್ನುತ್ತಾರೆ. “ಆಪರೇಟ್ರು ನಕ್ಬಿಟ್ರು. ಆ ಪಿಕ್ಚರಲ್ಲಿ ಒಬ್ಬ ಮುದ್ಕ ಕಿಟಕಿ ಹತ್ರ ಕೂತಿದ್ದ, ಅಷ್ಟೇ. ಕೂತೇ ಇದ್ದ.”

ಆ ಮುದುಕ ಅವರ ಮನಸ್ಸಿನಿಂದ ಹೋಗಲಿಲ್ಲ. ಕಾರಣ ಮನೆಯಲ್ಲೇ ಇತ್ತು. ಎರಡು ವರ್ಷದ ಹಿಂದೆ ವೆಂಕಟಸ್ವಾಮಿಯವರಿಗೆ ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಸೋತವು, ಮಾತು ನಿಂತಿತು. ಅಂದಿನಿಂದ ಅವರೂ ಕಿಟಕಿಯ ಹತ್ತಿರವೇ. ಆಂಜನಮ್ಮ ಅವರಿಗೆ ಉಣ್ಣಿಸಿ, ತೊಳೆದು, ಬಟ್ಟೆ ಬದಲಿಸಿ ಕೆಲಸಕ್ಕೆ ಓಡುತ್ತಿದ್ದರು. ಪಕ್ಕದಲ್ಲಿ ಕೂರುವುದಕ್ಕೆ ಅವರಿಗೆ ಆಗುತ್ತಿರಲಿಲ್ಲ. ಕೂತರೆ ಏನು ಮಾತಾಡುವುದು, ಯಾರ ಹತ್ತಿರ ಎಂದು ಸಂಕಟವಾಗುತ್ತಿತ್ತು.

“ಆ ಪಿಕ್ಚರ್ ನೋಡ್ಕೊಂಡ್ ಮನೇಗೋದ ದಿನ ಸುಮ್ನೆ ಅವರ ಪಕ್ಕ ಕೂತ್ಕೊಂಡೆ. ಏನೂ ಮಾಡ್ಲಿಲ್ಲ. ಬೀದೀಲಿ ಹಾಲಿನ ಗಾಡಿ ಬಂತು, ನಾಯಿ ಮಲಗ್ತು, ಇಬ್ರೂ ನೋಡಿದ್ವಿ. ಅವರು ತಿರುಗಿ ನನ್ ಮುಖ ನೋಡಿದ್ರು. ಅಷ್ಟು ದಿನದಲ್ಲಿ ಅವತ್ತೇ ಸರಿಯಾಗಿ ನೋಡಿದ್ದು ಅನ್ಸುತ್ತೆ,” ಎನ್ನುವಾಗ ಆಂಜನಮ್ಮ ಟಾರ್ಚಿನ ಗುಂಡಿಯನ್ನು ಸುಮ್ಮನೆ ಒತ್ತಿ ಒತ್ತಿ ಬಿಡುತ್ತಾರೆ. ಅಂದೇ ಅವರ ಮನಸ್ಸಿನಲ್ಲಿ ಒಂದು ಆಸೆ ಹುಟ್ಟಿತು. ಗಂಡನ ಕಾಲು ಮೆಟ್ಟಿಲು ಹತ್ತುವಷ್ಟು ಸುಧಾರಿಸಿದ ಮೇಲೆ ಒಂದು ಭಾನುವಾರ ಅವರನ್ನು ಇಲ್ಲಿಗೆ ಕರೆತರಬೇಕು. ಅಲ್ಲಿಯವರೆಗೆ ಈ ಆಟ ನಿಲ್ಲಬಾರದು.

ಆದರೆ ಆಟ ನಿಲ್ಲುವ ಲಕ್ಷಣಗಳೇ ಹೆಚ್ಚಾಗಿದ್ದವು. ಹಾಲು ಮುಕ್ಕಾಲುಪಾಲು ಖಾಲಿ ಇರುತ್ತಿತ್ತು. ಮಾಲೀಕ ಮುನಿರಾಜ್ ಆ ಹೊತ್ತನ್ನು ಯಾರೋ ಯೋಗ ಕಲಿಸುವವರಿಗೆ ಕೊಡುವ ಯೋಚನೆಯಲ್ಲಿದ್ದಾರೆ ಎಂಬ ಮಾತು ಕಿವಿಗೆ ಬಿತ್ತು. ಆಂಜನಮ್ಮ ಸುಮ್ಮನಿರಲಿಲ್ಲ. ಟಾಕೀಸಿನ ಕೆಲಸದವರಿಗೆ ಒಂದು ಹಳೆಯ ವಿದ್ಯೆ ಗೊತ್ತು: ಪಿಕ್ಚರ್ ಹೇಗಿದೆ ಎಂದು ಕೇಳಿದವರಿಗೆ ಕೇಳಿದವರ ಬಾಯಿ ರುಚಿ ನೋಡಿ ಉತ್ತರ ಹೇಳುವುದು. ಚಳಿಗಾಲದ ಆ ವಾರ ಬರಲಿದ್ದದ್ದು ಅಜ್ಜಿಯೊಬ್ಬಳ ಸಿನಿಮಾ. ಆಂಜನಮ್ಮ ಹೂವಿನಂಗಡಿಯ ಹಂಸ ಅವರಿಂದ ಹಿಡಿದು ಆಟೊ ಸ್ಟ್ಯಾಂಡಿನ ಲಕ್ಷ್ಮಿಕಾಂತನವರೆಗೆ ಎಲ್ಲರಿಗೂ ಒಂದೇ ಮಾತು ಹೇಳಿದರು: “ತಾಯಿ ಸೆಂಟಿಮೆಂಟು. ಕರ್ಚೀಫ್ ತಗೊಂಡ್ ಬನ್ನಿ.”

ಜನ ಬಂದರು. ಮಕ್ಕಳು ಮರಿ, ಪಫ್ಸು, ನೀರಿನ ಬಾಟಲಿ ಸಮೇತ ಬಂದರು. ತೆರೆಯ ಮೇಲೆ ಅಜ್ಜಿ ಮೊರದ ಮುಂದೆ ಕೂತು ಅವರೆಕಾಯಿ ಬಿಡಿಸತೊಡಗಿದಳು. ಬಿಡಿಸಿದಳು, ಬಿಡಿಸಿದಳು, ಬಿಡಿಸುತ್ತಲೇ ಇದ್ದಳು. ಮಗ ಬಂದು ತಬ್ಬಿಕೊಂಡು ಅಳುತ್ತಾನೆ ಎಂದು ಕಾದವರಿಗೆ ಸೊಗಡಿನ ಅವರೆಯ ಸಿಪ್ಪೆ ರಾಶಿ ಬೆಳೆದದ್ದಷ್ಟೇ ಕಂಡಿತು. “ಎನ್ನಕ್ಕಾ ಇದು, ಪಡಮಾ?” ಎಂದು ಹಂಸ ಕತ್ತಲಲ್ಲೇ ತಮಿಳಿನಲ್ಲಿ ಕೇಳಿದರು, ಇದೇನಕ್ಕಾ, ಇದೂ ಒಂದು ಸಿನಿಮಾನಾ ಎಂದು. ಲಕ್ಷ್ಮಿಕಾಂತ ಎದ್ದು ನಿಂತು, “ಅಜ್ಜೀ, ಬೇಗ ಬಿಡ್ಸಮ್ಮಾ, ಸಾರ್ ಯಾವಾಗ ಮಾಡೋದು?” ಎಂದು ಕೂಗಿದ. ಹಾಲಿಗೆ ಹಾಲೇ ನಕ್ಕಿತು.

ಎಲ್ಲರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಪ್ರೇಮ್‌ಕುಮಾರ್ ಎಂಬ ನಿವೃತ್ತ ಕಾರ್ಖಾನೆ ನೌಕರರು ಬಂದು ಲಕ್ಷ್ಮಿಕಾಂತನ ಕೊರಳಪಟ್ಟಿಗೆ ಕೈ ಹಾಕಿದರು. “ನಮ್ಮಮ್ಮ ಹಿಂಗೇ ಕೂತ್ಕೊಂಡ್ ಬಿಡಿಸ್ತಿದ್ಲು ಕಣೋ, ಮುಚ್ಚೋ ಬಾಯಿ,” ಎನ್ನುವಾಗ ಅವರು ಅಳುತ್ತಿದ್ದರು. ಲಕ್ಷ್ಮಿಕಾಂತನೇನು ಕಡಿಮೆಯೇ? ಕಾಸು ಕೊಟ್ಟು ಬಂದವನು ತಾನೂ ಎಂದ. ತಳ್ಳಾಟದಲ್ಲಿ ಒಂದು ಕುರ್ಚಿ ಮುರಿಯಿತು, ದೀಪ ಹತ್ತಿತು, ಅಜ್ಜಿಯ ಅವರೆ ಅಷ್ಟಕ್ಕೇ ನಿಂತಿತು. ಇನ್ನೊಂದು ಗಲಾಟೆಯಾದರೆ ಭಾನುವಾರದ ಆಟ ಬಂದ್ ಎಂದು ಮುನಿರಾಜ್ ಅಲ್ಲೇ ಹೇಳಿ ಹೋದರು.

“ತಪ್ಪು ನಂದೇ,” ಎನ್ನುತ್ತಾರೆ ಆಂಜನಮ್ಮ. “ಆಟೋದವ್ರದ್ದಲ್ಲ, ಅತ್ತೋರ್ದೂ ಅಲ್ಲ. ಅಳೋಕ್ ಬನ್ನಿ ಅಂತ ಕರ್ದಿದ್ ನಾನು. ಅಳು ಹಂಗೆಲ್ಲಾ ಕರೆದ್ರೆ ಬರುತ್ತಾ?”

ಮುಂದಿನ ವಾರದಿಂದ ಅವರು ವರಸೆ ಬದಲಿಸಿದರು. ಟಿಕೆಟು ಹರಿಯುವಾಗ ಪ್ರತಿಯೊಬ್ಬರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳತೊಡಗಿದರು: “ಇದ್ರಲ್ಲಿ ಏನೂ ಆಗಲ್ಲ. ನಿಧಾನಕ್ ಹೋಗುತ್ತೆ. ಬೇಜಾರಾದ್ರೆ ಕೂಗ್ಬೇಡಿ, ಎದ್ ಬನ್ನಿ, ಪಾಸ್ ಕೊಡ್ತೀನಿ.” ಪಾಸು ಎಂದರೆ ಇಂಟರ್ವಲ್ಲಿನಲ್ಲಿ ಹೊರಗೆ ಹೋಗುವವರಿಗೆ ಟಾಕೀಸಿನವರು ಕೊಡುತ್ತಿದ್ದ ರಟ್ಟಿನ ಚೂರು. ಅದನ್ನು ತೋರಿಸಿದರೆ ಮತ್ತೆ ಒಳಕ್ಕೆ ಬರಬಹುದು. ಭಾನುವಾರದ ಆಟಕ್ಕೆ ಇಂಟರ್ವಲ್ಲೇ ಇಲ್ಲ. ಆದರೂ ಆಂಜನಮ್ಮ ಹಳೆಯ ಪಾಸುಗಳ ಕಟ್ಟನ್ನು ಹುಡುಕಿ ತೆಗೆದು ಸೆರಗಿಗೆ ಕಟ್ಟಿಕೊಂಡರು. ಸಿಡಿಮಿಡಿಗೊಂಡು ಬಾಗಿಲಿಗೆ ಬಂದವರ ಅಂಗೈಯಲ್ಲಿ ಒಂದನ್ನು ಇಟ್ಟು, “ಎದುರುಗಡೆ ಟೀ ಕುಡ್ಕೊಂಡ್ ಬನ್ನಿ. ಅವಸರ ಏನಿಲ್ಲ, ಬರೋವರೆಗೂ ಅದೇ ಸೀನಿರುತ್ತೆ,” ಎನ್ನತೊಡಗಿದರು.

ಶ್ರೀಕಂಠಯ್ಯನವರಿಗೆ ಇದು ಮೊದಲಿಗೆ ಗಾಯದ ಮೇಲೆ ಬರೆ ಎಳೆದಂತಾಯಿತು. “ಏನಮ್ಮಾ, ಏನೂ ಆಗಲ್ಲ ಅಂತ ಬಾಗಿಲಲ್ಲೇ ಹೇಳಿದ್ರೆ ಯಾರ್ರೀ ಬರ್ತಾರೆ? ಅದರಲ್ಲಿ ಎಷ್ಟೊಂದು ಆಗ್ತಾ ಇರುತ್ತೆ!” ಎಂದು ನೊಂದುಕೊಂಡರು. ಆಂಜನಮ್ಮ ಹೇಳಿದ್ದಿಷ್ಟೇ: “ಆಗೋದು ಅವರವರಿಗೆ ಆಗ್ಲಿ ಸಾರ್. ನಾವ್ ಮೊದ್ಲೇ ಹೇಳೋದ್ ಬೇಡ.” ಅವರು ಒಪ್ಪಿದರೋ ಬಿಟ್ಟರೋ, ಮರುವಾರ ತಡೆಯಲಿಲ್ಲ.

ಪವಾಡವೇನೂ ನಡೆಯಲಿಲ್ಲ. ಹೊರಗೆ ಹೋದವರೆಲ್ಲ ವಾಪಸು ಬರುವುದಿಲ್ಲ. ಪಾಸನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಹೋದವರು ಬೇಕಾದಷ್ಟು ಜನ. ಆದರೆ ಕೂಗಾಟ ನಿಂತಿತು. ಬೇಕೆಂದಾಗ ಎದ್ದು ಹೋಗಬಹುದು ಎಂದು ಗೊತ್ತಾದವರು ಅಷ್ಟು ಬೇಗ ಏಳುತ್ತಲೂ ಇಲ್ಲ. ಲಕ್ಷ್ಮಿಕಾಂತ ಈಗಲೂ ಬರುತ್ತಾನೆ, ಮುಕ್ಕಾಲು ಹೊತ್ತು ನಿದ್ದೆ ಮಾಡುತ್ತಾನೆ. ಇಷ್ಟು ಚೆನ್ನಾಗಿ ನಿದ್ದೆ ಬರುವ ಜಾಗ ಇಡೀ ಹಲಸೂರಿನಲ್ಲೇ ಇಲ್ಲ ಎಂಬುದು ಅವನ ಸರ್ಟಿಫಿಕೇಟು. ಯಾರಾದರೂ ತೀರಾ ಗೊಣಗಿದರೆ ಆಂಜನಮ್ಮ ಬಿಡುವುದಿಲ್ಲ: “ಟಿನ್ ಫ್ಯಾಕ್ಟ್ರಿ ಸಿಗ್ನಲ್ಲಲ್ಲಿ ದಿನಾ ಮುಕ್ಕಾಲ್ ಗಂಟೆ ಕೂತ್ಕೋತೀರಲ್ಲಾ, ಅಲ್ಲೇನ್ ಡ್ಯಾನ್ಸ್ ನಡೀತಾ ಇರುತ್ತಾ?”

ಕಳೆದ ತಿಂಗಳು ಮುನಿರಾಜ್ ಹೇಳದೆ ಕೇಳದೆ ಒಂದು ಭಾನುವಾರ ಬಂದು ಹಿಂದಿನ ಸಾಲಿನಲ್ಲಿ ಕೂತರು. ಯೋಗದವರಿಗೆ ಅಂದು ಸಂಜೆಯೇ ಮಾತು ಕೊಡಬೇಕಿತ್ತು. ಅರ್ಧ ಗಂಟೆಯಾಗುವಷ್ಟರಲ್ಲಿ ಮಾಲೀಕರು ಎದ್ದು ಬಾಗಿಲಿಗೆ ಬಂದರು. ಸ್ವಂತ ಟಾಕೀಸಿನ ಧಣಿಗೆ ಪಾಸು ಕೊಡುವುದೇ? ಕೊಟ್ಟರು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೇಲಿದ್ದ ತಮ್ಮ ತಂದೆಯ ಕಾಲದ ಮೊಹರನ್ನು ನೋಡಿ, ಹೊರಗೆ ಹೋದರು. ಆಂಜನಮ್ಮ ಸ್ಟೂಲಿನ ಮೇಲೆ ಕೂತರು. ಅಂದು ತೆರೆಯ ಮೇಲೆ ಏನು ಬಂತೋ ಅವರಿಗೆ ನೆನಪಿಲ್ಲ.

ತುಂಬ ಹೊತ್ತಿನ ಮೇಲೆ ಬಾಗಿಲು ಸದ್ದಿಲ್ಲದೆ ತೆರೆಯಿತು.

“ಇನ್ನೂ ಅದೇ ನಡೀತಿದೆಯಾ ಆಂಜನಮ್ಮಾ?” ಎಂದು ಮುನಿರಾಜ್ ಪಿಸುಗುಟ್ಟಿದರು.

“ಅದೇ ಸಾರ್. ಕೂತ್ಕೊಳಿ.”

ಕೊನೆಯವರೆಗೂ ಕೂತರು. ಹೋಗುವಾಗ, “ನಂಗೊಂದೂ ಅರ್ಥ ಆಗ್ಲಿಲ್ಲಮ್ಮ. ನಡೀಲಿ, ಸದ್ಯಕ್ಕೆ ನಡೀಲಿ,” ಎಂದರು. ಯೋಗದವರಿಗೆ ಶನಿವಾರ ಸಿಕ್ಕಿತು.

ಈ ಸಂಗತಿಯನ್ನು ಹೇಳಿ ಮುಗಿಸುವ ಹೊತ್ತಿಗೆ ಇಂದಿನ ಆಟವೂ ಮುಗಿಯುತ್ತ ಬಂದಿದೆ. ಮನೆಯಲ್ಲಿ ಮಗಳು ಸುಕನ್ಯ ಅಪ್ಪನಿಗೆ ಕೋಲು ಹಿಡಿಸಿ ಅಂಗಳದಲ್ಲಿ ನಡೆಸುತ್ತಿರುತ್ತಾಳೆ. ಹೊಸಿಲು ದಾಟುವುದು ಈಗ ಅವರಿಗೆ ಬಂದಿದೆ, ಮೆಟ್ಟಿಲು ಇನ್ನೂ ಬರಬೇಕು. ಯುಗಾದಿಯ ಹೊತ್ತಿಗೆ ಆಗಬಹುದು ಎಂದು ಡಾಕ್ಟರು ಹೇಳಿದ್ದಾರಂತೆ. ಕರೆತಂದರೆ ವೆಂಕಟಸ್ವಾಮಿಯವರಿಗೆ ಈ ಸಿನಿಮಾ ಹಿಡಿಸಬಹುದೇ ಎಂದು ಕೇಳಿದರೆ ಆಂಜನಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾರೆ.

“ಎಲ್ಲಿ ಹಿಡ್ಸುತ್ತೆ? ಫೈಟಿಂಗ್ ಇಲ್ದಿದ್ರೆ ಟೆಂಟಲ್ಲೇ ಗಲಾಟೆ ಮಾಡ್ತಿದ್ದ ಮನುಷ್ಯ. ಏನೇ ಇದು ದರಿದ್ರದ ಪಿಕ್ಚರ್ರು ಅಂತ ಎಲ್ರೆದುರ್ಗೇ ಬೈತಾರೆ ನೋಡಿ.”

ನಗು ನಿಲ್ಲುತ್ತದೆ. ಒಳಗೆ ಯಾರೋ ಕೆಮ್ಮುತ್ತಾರೆ. ಆಂಜನಮ್ಮ ಕಿಂಡಿಯಿಂದ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳುತ್ತಾರೆ:

“ಬೈಲಿ. ಎರಡು ವರ್ಷ ಆಯ್ತು ಅವರ ಬಾಯಲ್ಲಿ ಒಂದ್ ಮಾತ್ ಕೇಳಿ. ಬೈದ್ರೆ ಸಾಕು.”